ರಾಶಿಯ ಹೊಟ್ಟೆಯ ವಾಸನೆ

ಮಾರ್ಚ್ ೩

ನಾನು ಹುಲಗೆಮ್ಮ. ಆನೆಗೊಂದಿಯ ಮಾರೆಪ್ಪನವರ ಹೆಂಡತಿ. ಅವರು ಹೋದ ಮೇಲೆ ಈ ಮನೆಯ ಯಜಮಾನಿ. ಆ ಕಾಲದಲ್ಲಿ ಗಂಗಾವತಿಗೆ ಹೋಗಿ ಹತ್ತನೇ ತರಗತಿ ಪಾಸು ಮಾಡಿದವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಕಾಲುವೆ ಕೆಳಗಿನ ನಮ್ಮ ಗದ್ದೆಯ ಭತ್ತ ನನ್ನ ಮಾತಿಲ್ಲದೆ ಎಂದೂ ಚೀಲ ಸೇರಿಲ್ಲ. ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ, ಒಳಗಿನದೊಂದು ಮುಷ್ಟಿ ತೆಗೆದು ಮೂಸುತ್ತೇನೆ. ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುವುದು ಯಾರಿಗೂ ಬರುತ್ತದೆ. ಮೇಲಿನ ಕಾಳು ಒಣಗಿದ್ದರೆ ಹಲ್ಲು ಮೋಸಹೋಗುತ್ತದೆ. ರಾಶಿಯ ಹೊಟ್ಟೆಯಲ್ಲಿ ಹಸಿ ಉಳಿದಿದೆಯೋ ಇಲ್ಲವೋ ಎಂಬುದು ಮೂಗಿಗೆ ಮಾತ್ರ ಗೊತ್ತು. ನಾನು "ಹೊಲೀರಿ" ಎಂದ ಮೇಲೆ ಚೀಲದ ಬಾಯಿ ಹೊಲಿಯಬೇಕು. ದಬ್ಬಣ ನನ್ನ ಎಲೆ ಸಂಚಿಯಲ್ಲಿರುತ್ತದೆ. ಮೊದಲ ಚೀಲದ ಮೊದಲ ಹೊಲಿಗೆ ನನ್ನದು. ನಾನು ಮೂಸಿದ ರಾಶಿಯನ್ನು ಮತ್ತೊಬ್ಬರು ಮೂಸಬಾರದು. ನಮ್ಮತ್ತೆಯ ಕಾಲದಿಂದ ಬಂದ ಪದ್ಧತಿ ಅದು.

ಈ ಬರವಣಿಗೆ ನನ್ನ ಇಷ್ಟದ್ದಲ್ಲ. ತಲೆಗೆ ಪೆಟ್ಟಾದವರು ಆಗಾಗ ಬರೆಯುತ್ತಿದ್ದರೆ ನೆನಪು ಗಟ್ಟಿಯಾಗುತ್ತದೆ ಎಂದು ಕೊಪ್ಪಳದ ಡಾಕ್ಟರು ಹೇಳಿದರು. ನನ್ನ ನೆನಪಿಗೆ ಏನೂ ಆಗಿಲ್ಲ. ಹೇಳಿದ್ದಾರಲ್ಲ ಎಂದು ಬರೆಯುತ್ತಿದ್ದೇನೆ.

ಡಿಸೆಂಬರಿನಲ್ಲಿ ಭತ್ತ ಕಣದಲ್ಲಿತ್ತು. ಕಣದ ಹಿಂದಿನ ಬಂಡೆಗುಡ್ಡದಿಂದ ಪುಣೆಯ ಹುಡುಗನೊಬ್ಬ ಹ್ಯಾಂಗ್ ಗ್ಲೈಡರ್ ಕಟ್ಟಿಕೊಂಡು ಹಾರಿದ. ಹಳದಿ ಬಟ್ಟೆಯ ದೊಡ್ಡ ರೆಕ್ಕೆ, ಅದರ ಕೆಳಗೆ ಬಾವಲಿಯಂತೆ ಜೋತಾಡುವ ಮನುಷ್ಯ. ಕೂಲಿಯವರೆಲ್ಲ ಕೈಕೆಲಸ ಬಿಟ್ಟು ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಅವರನ್ನು ಬೈಯಲೆಂದು ನಾನು ಎದ್ದು ನಿಂತೆ. ಗಾಳಿ ತಿರುಗಿತಂತೆ. ರೆಕ್ಕೆಯ ಕೊಳವೆ ನನ್ನ ತಲೆಯ ಹಿಂಭಾಗಕ್ಕೆ ಬಡಿಯಿತು. ಅವನು ನನ್ನ ಭತ್ತದ ರಾಶಿಯ ಮೇಲೆ ಬಿದ್ದ, ನಾನು ಕಣದ ಕಲ್ಲಿನ ಮೇಲೆ. ಅವನಿಗೆ ಹೆಗಲಿನ ಎಲುಬು ಮುರಿಯಿತು, ಕೂಡಿಕೊಂಡೂ ಆಯಿತಂತೆ. ನನಗೆ ತಲೆಬುರುಡೆಯಲ್ಲಿ ಬಿರುಕು, ಸೊಂಟದ ಕೀಲು ಚೂರು. ಹಾರಿದವನು ಅವನು. ಬಿದ್ದವಳು ನಾನು.

ಬೇಸಿಗೆ ಬೆಳೆಯ ರಾಶಿಗೆ ಕಣದಲ್ಲಿ ನನ್ನ ಕಾಲ ಮೇಲೆ ನಿಂತಿರುತ್ತೇನೆ.

ಮಾರ್ಚ್ ೧೧

ಮಗ ಗೋವಿಂದರಾಜನ ಹೆಂಡತಿ ಅಡುಗೆಯಲ್ಲಿ ಕೈ ಬಿಗಿ ಮಾಡಿದ್ದಾಳೆ. ಸಾರಿಗೆ ಒಗ್ಗರಣೆ ಬಿದ್ದದ್ದೇ ಗೊತ್ತಾಗುವುದಿಲ್ಲ. ಬಾಯಿಗೆ ಉಪ್ಪು, ಖಾರ, ಹುಳಿ ಅಷ್ಟೇ ಸಿಗುತ್ತದೆ. ಇಂಗಿನ ಡಬ್ಬಿ ತರಿಸಿ ಮೂಸಿದೆ. ಹಿಟ್ಟು. ಅಂಗಡಿಯವನು ಕಲಬೆರಕೆ ಕೊಟ್ಟಿದ್ದಾನೆ, ಇವಳು ನೋಡದೆ ತಂದಿದ್ದಾಳೆ. ಬೇರೆ ತರಿಸು ಎಂದೆ. "ಹೌದ್ರಿ ಅತ್ತಿ" ಎಂದಳು. ನಾನು ಏನು ಹೇಳಿದರೂ ಅವಳಿಗೆ ಆ ಎರಡೇ ಮಾತು.

ಹೆಣ್ಣು ನೋಡಲು ಯಲಬುರ್ಗಿಯ ಅವರ ಮನೆಗೆ ಹೋದಾಗ ಎರಡು ಸೇರಿನಿಂದ ಎರಡು ಮುಷ್ಟಿ ಅಕ್ಕಿ ಅವಳ ಕೈಗಿಟ್ಟು ಹಳೆಯದು ಯಾವುದು ಎಂದು ಕೇಳಿದ್ದೆ. ಬಲಗೈ ಎತ್ತಿದಳು. ಸರಿಯಾಗಿತ್ತು. ಎರಡರಲ್ಲಿ ಒಂದು ಹೇಳಿದರೆ ಅರ್ಧ ಸಲ ಸರಿಯಾಗಲೇಬೇಕು.

ಮಲ್ಲಿಗೆಯಲ್ಲಿಯೂ ಈ ವರ್ಷ ಕಸುವಿಲ್ಲ. ಮೊಗ್ಗು ದಪ್ಪಗಿದೆ, ಪರಿಮಳ ಇಲ್ಲ.

ಮಾರ್ಚ್ ೨೪

ವಾಕರ್ ಹಿಡಿದು ಪಡಸಾಲೆಯವರೆಗೆ ನಡೆದೆ. ಎಡಗಾಲು ಗಿಡ್ಡವಾಗಿದೆ. ಕುಕ್ಕುರುಗಾಲಿನಲ್ಲಿ ಕೂರಲು ಬರುವುದಿಲ್ಲ, ಇನ್ನು ಮುಂದೆಯೂ ಬರುವುದಿಲ್ಲವಂತೆ. ಪಾಯಖಾನೆಗೆ ಕುರ್ಚಿ ಹಾಕಿಸಿದ್ದಾರೆ. ಎದ್ದು ಹೋಗುವಷ್ಟರಲ್ಲಿ ಒಮ್ಮೊಮ್ಮೆ ತಡವಾಗುತ್ತದೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ನೋಡಲು ಬಂದವರೆಲ್ಲ ಅದೇ ಕಥೆ ಕೇಳುತ್ತಾರೆ. ಕಣಗೆಲಸದ ತಾಜಬೀಗೆ ಮಾತ್ರ ಹೆದರಿಕೆಯಿಲ್ಲ. ಮೊದಲಿನಿಂದಲೂ ಇಲ್ಲ. ಮಗ್ಗುಲಲ್ಲಿ ಕೂತು ಎಲೆ ಹಾಕಿಕೊಂಡು ಹೇಳಿದಳು: "ಮಂದಿಗೆ ಮ್ಯಾಲಿಂದ ವರ ಬೀಳ್ತಾವ್ರಿ ಅಮ್ಮಾರ. ನಿಮಗ ಮನಷ್ಯಾನ ಬಿದ್ದಾನ. ಅದೂ ಮದವಿ ಆಗದಾಂವ."

ನಗು ಬಂತು. ನಕ್ಕರೆ ಸೊಂಟ ಹಿಡಿಯುತ್ತದೆ.

ಸಂಜೆ ಮೊಮ್ಮಗಳು ಅಂಜಲಿ ತಟ್ಟೆ ಬಾರಿಸುತ್ತಿದ್ದಳು. ಆ ಸಪ್ಪಳ ತಲೆಯೊಳಗೆ ಮೊಳೆ ಹೊಡೆದಂತಾಯಿತು. ಲೋಟ ಎತ್ತಿ ಎಸೆದೆ. ತಾಗಲಿಲ್ಲ. ನಾನು ಮಕ್ಕಳ ಮೇಲೆ ಕೈ ಎತ್ತಿದವಳಲ್ಲ. ಮಕ್ಕಳು ಅಷ್ಟು ಗದ್ದಲ ಮಾಡಬಾರದು.

ಏಪ್ರಿಲ್ ೨

ಇಂಗು ಕೆಟ್ಟಿದೆ. ಅಂಗಡಿಯವನು ಕಲಬೆರಕೆ ಕೊಟ್ಟಿದ್ದಾನೆ. ಬೇರೆ ತರಿಸಲು ಹೇಳಿದೆ.

ಏಪ್ರಿಲ್ ೨೭

ರಾಶಿ. ನಿಂತು ಹೋಗುತ್ತೇನೆ ಎಂದಿದ್ದೆ, ಕುರ್ಚಿಯಲ್ಲಿ ಹೊತ್ತುಕೊಂಡು ಹೋದರು. ತಾಡಪತ್ರಿಯ ಮೇಲೆ ಒಣಗಿದ ಭತ್ತವನ್ನು ಗುಡ್ಡೆ ಮಾಡಿದ್ದರು. ಖರೀದಿಯ ವಿರುಪಣ್ಣ ಲಾರಿ ತಂದು ಕಾಯುತ್ತಿದ್ದ. ಬಗ್ಗಿ ಕೈ ತೂರಿಸಿದೆ. ಸೊಂಟದಿಂದ ಹಿಮ್ಮಡಿಯವರೆಗೆ ನೋವು ಹರಿಯಿತು. ಯಾರಿಗೂ ತೋರಿಸಿಕೊಳ್ಳಲಿಲ್ಲ. ಮುಷ್ಟಿ ತೆಗೆದು ಮೂಸಿದೆ.

ಹಸಿ ಉಳಿದಿದ್ದರೆ ಒಂದು ಸಿಹಿಹುಳಿ ವಾಸನೆ ಇರುತ್ತದೆ, ಹುದುಗು ಬಂದ ಹಿಟ್ಟಿನ ಹಾಗೆ. ಅದಿರಲಿಲ್ಲ. ಮುಗ್ಗಲು ಇರಲಿಲ್ಲ. ಯಾವ ಕೆಟ್ಟ ವಾಸನೆಯೂ ಇರಲಿಲ್ಲ. ಇಷ್ಟು ಚೊಕ್ಕವಾದ ರಾಶಿಯನ್ನು ನಾನು ಇದುವರೆಗೆ ಕಂಡಿಲ್ಲ.

"ಹೊಲೀರಿ" ಎಂದು ಸಂಚಿಯಿಂದ ದಬ್ಬಣ ತೆಗೆದೆ.

ಗೋವಿಂದರಾಜನ ಹೆಂಡತಿ ಬುತ್ತಿ ತಂದಿದ್ದಳು. ಬುಟ್ಟಿ ಇಳಿಸಿದವಳೇ ರಾಶಿಯ ಕಡೆ ನೋಡಿ ಗಂಡನಿಗೆ ಏನೋ ಸನ್ನೆ ಮಾಡಿದಳು. ಅವನು ನೆಲ ನೋಡಿದ. ಆಮೇಲೆ ಅವಳೇ ಬಾಯಿ ಬಿಟ್ಟಳು. "ಇನ್ನೊಂದು ಬಿಸಲು ಹಾಕಿದ್ರ ಹೆಂಗ್ರಿ ಅತ್ತಿ?"

ಎಲ್ಲರ ಮುಂದೆ. ವಿರುಪಣ್ಣನ ಮುಂದೆ. ನಾನು ಅವಳ ಮುಖವನ್ನೂ ನೋಡದೆ ಮೊದಲ ಹೊಲಿಗೆ ಹಾಕಿದೆ. ಒಂದು ಚೀಲವನ್ನು ಯಾವಾಗಲೂ ಮಾಡುವಂತೆ ಹೇಮಗುಡ್ಡದ ದುರ್ಗಮ್ಮನ ಮೀಸಲು ಎಂದು ಅರಿಶಿನ ಹಚ್ಚಿ ಬೇರೆ ಇಡಿಸಿದೆ.

ಮೇ ೯

ವಿರುಪಣ್ಣ ಬಂದಿದ್ದ. ಪಡಸಾಲೆಯ ಅಂಚಿಗೆ ಕೂತು ಮಳೆಯ ಮಾತು, ಮಗಳ ಮದುವೆಯ ಮಾತು ಎಲ್ಲ ಆಡಿ ಆಮೇಲೆ ವಿಷಯಕ್ಕೆ ಬಂದ. ಚೀಲಗಳು ಒಳಗೆ ಕಾವು ಹಿಡಿದಿವೆ. ಅಕ್ಕಿ ಹಳದಿ ತಿರುಗಿದೆ. ಮಿಲ್ಲಿನವರು ಇಳಿಸಿಕೊಳ್ಳಲಿಲ್ಲ.

ಲಾರಿಯ ಮೇಲೆ ಮಳೆ ಬಿದ್ದಿರಬೇಕು ಎಂದೆ. ಬಿದ್ದಿಲ್ಲ ಎಂದ. ಗೋದಾಮು ಸೋರಿರಬೇಕು ಎಂದೆ. ಅವನು ಟವೆಲ್ಲಿನ ಅಂಚು ಮಡಚಿದ.

"ಅಕ್ಕಾರ, ಇಷ್ಟ ವರ್ಷ ನಿಮ್ಮ ರಾಶಿಗೆ ನಾ ಹಸಿ ನೋಡೂ ಮಿಷನ್ ಹಚ್ಚಿಲ್ಲ. ನಿಮ್ಮ ಮೂಗ ನನ್ನ ಮಿಷನ್ ಅಂತಿದ್ದೆ. ಮುಂದಿನ ಸಲ ತರ್ತೀನ್ರಿ. ತಪ್ಪ ತಿಳ್ಕೋಬ್ಯಾಡ್ರಿ."

ಚಹಾ ಕುಡಿಯದೆ ಹೋಗು ಎಂದೆ. ಹೋದ.

ಮೇ ೧೦

ಮೀಸಲು ಚೀಲವನ್ನು ಬಿಚ್ಚಿಸಿದೆ. ಕೈ ಹಾಕಿದರೆ ಒಳಗೆ ಬಿಸಿ. ಮೂಸಿದೆ. ಏನೂ ಇಲ್ಲ. ಆದರೂ ಬಿಸಿ ಇತ್ತು. ಎಮ್ಮೆಗೆ ಹಾಕಿಸಿದೆ. ದುರ್ಗಮ್ಮನಿಗೆ ಈ ಸಲ ಪೇಟೆಯ ಅಕ್ಕಿ ಹೋಗುತ್ತದೆ.

ಜೂನ್ ೧೪

ತಾಜಬೀ ಇಂದು ಓಣಿ ಕೂಡುವಂತೆ ಕೂಗಾಡಿದಳು. ಆದದ್ದು ಇಷ್ಟೇ. ಮಗ ಸೊಸೆ ಸಸಿಮಡಿಯ ಕೆಲಸಕ್ಕೆ ಹೋಗಿದ್ದರು. ಅಂಜಲಿ ಅಡುಗೆಮನೆಯ ಬಾಗಿಲಲ್ಲೇ ಚಾಪೆ ಹಾಕಿಕೊಂಡು ಮಲಗಿತ್ತು. ನಾನು ಗ್ಯಾಸಿನ ಒಲೆಯ ಮೇಲೆ ಹಾಲು ಇಟ್ಟು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಹಾಲು ಉಕ್ಕಿ ಉರಿ ಆರಿರಬೇಕು. ನನಗೆ ತೂಕಡಿಕೆ ಬಂದಿತ್ತು. ತಾಜಬೀ ಒಳಗೆ ಬಂದವಳೇ ಮೂಗಿಗೆ ಸೆರಗು ಹಿಡಿದು, ಕೂಸನ್ನು ಬಗಲಿಗೆ ಹಾಕಿಕೊಂಡು, ಕಿಟಕಿ ಬಾಗಿಲು ಎಲ್ಲ ತೆಗೆದಳು. ಅಂಜಲಿ ಅಂಗಳದಲ್ಲಿ ವಾಂತಿ ಮಾಡಿಕೊಂಡಿತು. ಮಧ್ಯಾಹ್ನ ತಿಂದ ಮಾವಿನಹಣ್ಣು ಹೆಚ್ಚಾಗಿತ್ತು.

"ಅಮ್ಮಾರ, ದೀಪಾ ಹಚ್ಚೂ ಹೊತ್ತಾಗಿತ್ತಲ್ರಿ," ಎಂದಳು ತಾಜಬೀ. ಕೂಗಾಟ ಮುಗಿದ ಮೇಲೆ ಮೆತ್ತಗೆ ಹೇಳಿದಳು. ಕಡ್ಡಿಪೆಟ್ಟಿಗೆ ನನ್ನ ಮಡಿಲಲ್ಲೇ ಇತ್ತು.

ಜೂನ್ ೧೬

ಸಿಲಿಂಡರಿನ ರೆಗ್ಯುಲೇಟರ್ ಯಾರೋ ತೆಗೆದಿಡುತ್ತಿದ್ದಾರೆ. ಸೊಸೆ ಗದ್ದೆಗೆ ಹೋಗುವಾಗ ಅಂಜಲಿಯನ್ನು ಕರೆದುಕೊಂಡೇ ಹೋಗುತ್ತಾಳೆ, ಬಿಸಿಲಿದ್ದರೂ. ಕೇಳಿದರೆ ಕೂಸಿಗೆ ಗದ್ದೆ ಸೇರುತ್ತದೆ ಎನ್ನುತ್ತಾಳೆ.

ನಾನು ಕೇಳುವುದನ್ನು ಬಿಟ್ಟೆ.

ಜುಲೈ ೭

ಮಳೆ ಹಿಡಿದಿತ್ತು, ಎಲ್ಲರೂ ಮನೆಯಲ್ಲೇ ಇದ್ದರು. ಅಂಜಲಿ ಒಂದು ಆಟ ತಂದಳು. ಕಣ್ಣು ಮುಚ್ಚಿಕೊಳ್ಳಬೇಕು, ಅವಳು ಅಡುಗೆಮನೆಯಿಂದ ಒಂದೊಂದು ತಂದು ಮೂಗಿನ ಹತ್ತಿರ ಹಿಡಿಯುತ್ತಾಳೆ, ಏನೆಂದು ಹೇಳಬೇಕು. ಸಾಲೆಯಲ್ಲಿ ಕಲಿತದ್ದಂತೆ. ಈ ಮನೆಯಲ್ಲಿ ಆ ಆಟದಲ್ಲಿ ನನ್ನನ್ನು ಗೆಲ್ಲುವವರು ಯಾರು ಎಂದು ಕಣ್ಣು ಮುಚ್ಚಿದೆ.

ಮೊದಲನೆಯದು ಬರಲಿಲ್ಲ. ಹತ್ತಿರ ಹಿಡಿ ಎಂದೆ. ಮೂಗಿಗೆ ತಾಗಿಸಿದಳು. ಒರಟಾಗಿತ್ತು, ಒಣಗಿತ್ತು. ಏಲಕ್ಕಿ ಎಂದೆ.

ಕೂಸು ಬಿದ್ದು ಬಿದ್ದು ನಕ್ಕಿತು. ಕಣ್ಣು ತೆರೆದೆ. ಒಣಮೀನು. ಮುಚ್ಚಳ ತೆಗೆದರೆ ಮೂರು ಮನೆಗೆ ಗೊತ್ತಾಗುವ ಒಣಮೀನು.

"ಅಜ್ಜೀ, ನಿನ್ನ ಮೂಗ ಖರೇನ ಮುರದೈತಿ?"

"ಯಾರ ಹೇಳಿದ್ರು?"

"ಅವ್ವ. ನಿನ್ನ ಮುಂದ ಹೇಳಬ್ಯಾಡ ಅಂದಾಳ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಅಂಜಲಿಗೆ ಇನ್ನೊಂದು ತಾ ಎಂದೆ. ಒಂದನ್ನೂ ಹೇಳಲಾಗಲಿಲ್ಲ.

ಜುಲೈ ೧೯

ಕೊಪ್ಪಳ. ತಲೆ ಜೋರಾಗಿ ಅಲುಗಿದಾಗ ಮೂಗಿನಿಂದ ಮಿದುಳಿಗೆ ಹೋಗುವ ಸಣ್ಣ ನರಗಳು ಹರಿದಿವೆಯಂತೆ. ಕೂದಲಿಗಿಂತ ಸಣ್ಣ ನರಗಳು. ಹೊಲಿಯಲು ಬರುವುದಿಲ್ಲ. ವರ್ಷದೊಳಗೆ ಬಂದರೆ ಬರಬಹುದು, ಬರದಿದ್ದರೆ ಇಲ್ಲ. ಡಾಕ್ಟರು ಗೋವಿಂದರಾಜನ ಕಡೆ ನೋಡಿ ಹೇಳುತ್ತಿದ್ದರು. ಮೂಗು ನನ್ನದು, ನನ್ನ ಕಡೆ ನೋಡಿ ಹೇಳ್ರಿ ಎಂದೆ.

ಆಗ ನನ್ನ ಕಡೆ ನೋಡಿ ಅದನ್ನೇ ಹೇಳಿದರು.

ಆಗಸ್ಟ್ ೨

ಟ್ರಂಕು ತೆಗೆಸಿದೆ. ನಮ್ಮ ಯಜಮಾನರ ರುಮಾಲು ಅದರಲ್ಲಿದೆ. ಹೋದ ಮೇಲೆ ಒಗೆಯಲು ಬಿಟ್ಟಿರಲಿಲ್ಲ. ತಂಬಾಕು, ಬೆವರು, ಎತ್ತಿನ ಮೈಯ ವಾಸನೆ ಎಲ್ಲ ಕೂಡಿ ಅದರಲ್ಲಿತ್ತು. ವರ್ಷಕ್ಕೊಮ್ಮೆ ತೆಗೆದು ನೋಡಿ ಮತ್ತೆ ಮುಚ್ಚಿಡುತ್ತಿದ್ದೆ, ಹೆಚ್ಚು ತೆಗೆದರೆ ಮುಗಿದುಹೋದೀತು ಎಂದು.

ಇಂದು ಮುಖದ ಮೇಲೆ ಹಾಕಿಕೊಂಡು ಮಲಗಿದೆ.

ಬಟ್ಟೆ.

ಆಗಸ್ಟ್ ೧೯

ಮಳೆ. ಸೊಂಟ.

ಸೆಪ್ಟೆಂಬರ್ ೫

ಅನ್ನ, ರೊಟ್ಟಿ, ಪಲ್ಯ ಎಲ್ಲ ಒಂದೇ. ಬಾಯಿಯಲ್ಲಿ ಬೇರೆ ಬೇರೆ ಮೆತ್ತಗೆ, ಅಷ್ಟೇ. ನೋಡಲು ಬಂದ ಕುಷ್ಟಗಿಯ ನಾದಿನಿ ಮೈ ಇಳಿದಿದೆ ಎಂದಳು. ಇಳಿಯಲಿ.

ಸೆಪ್ಟೆಂಬರ್ ೨೩

ಒಂದು ವಿಷಯ ಬರೆಯಬೇಕು. ತಾಜಬೀ ಮೊದಲು ನನ್ನ ಮಗ್ಗುಲಲ್ಲಿ ಕೂರುತ್ತಿದ್ದಳು. ಇಂದು ಕಂಬದ ಹತ್ತಿರ ಕೂತಳು. ಅಲ್ಲಿ ಗಾಳಿ ಬರುತ್ತದೆ ಎಂದಳು.

ಬಟ್ಟೆ ಒದ್ದೆಯಾದರೆ ನನಗೆ ತಿಳಿಯುತ್ತದೆ. ಒಣಗಿದ ಮೇಲೆ ತಿಳಿಯುವುದಿಲ್ಲ. ನನ್ನ ಹಾಸಿಗೆ, ನನ್ನ ಸೀರೆ, ನನ್ನ ಮೈ ಹೇಗಿವೆ ಎಂಬುದು ಓಣಿಗೆಲ್ಲ ಗೊತ್ತಿರಬಹುದು. ನನಗೊಬ್ಬಳಿಗೆ ಗೊತ್ತಿಲ್ಲ. ನಮ್ಮತ್ತೆ ಕೊನೆಯ ವರ್ಷ ಹಾಸಿಗೆ ಹಿಡಿದಾಗ ಆ ಕೋಣೆಗೆ ಹೋಗುವ ಮುಂಚೆ ಹೊರಗೇ ಒಂದು ಉಸಿರು ಎಳೆದುಕೊಂಡು ಹೋಗುತ್ತಿದ್ದೆವು.

ಇಂದು ಎರಡು ಸಲ ಸ್ನಾನ ಮಾಡಿಸು ಎಂದೆ. ಯಾಕೆ ಎಂದು ಸೊಸೆ ಸುಮಂಗಲಾ ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ಏನೆಂದು ತಿಳಿಯಬೇಕು?

ಸೆಪ್ಟೆಂಬರ್ ೨೪

ಎರಡು ಸಲ ಸ್ನಾನ.

ಸೆಪ್ಟೆಂಬರ್ ೨೭

ಮೂರು. ಚರ್ಮ ಬಿರಿದು ಉರಿಯುತ್ತಿದೆ. ಸುಮಂಗಲಾ ಕೊಬ್ಬರಿ ಎಣ್ಣೆ ಹಚ್ಚಿದಳು. ಅವಳು ಉಸಿರು ಬಿಗಿಹಿಡಿದಿದ್ದಾಳೋ ಎಂದು ಅವಳ ಎದೆ ನೋಡುತ್ತಿದ್ದೆ. ಗೊತ್ತಾಗಲಿಲ್ಲ.

ಅಕ್ಟೋಬರ್ ೧೬

ಪುಣೆಯ ಹುಡುಗ ಫೋನು ಮಾಡಿದ್ದ. ಗೋವಿಂದರಾಜ ಹಿಂದಿಯಲ್ಲಿ ಮಾತಾಡಿದ. ಅವನ ಹೆಗಲು ಪೂರ್ತಿ ವಾಸಿಯಾಗಿದೆ, ಮತ್ತೆ ಹಾರುತ್ತಿದ್ದಾನಂತೆ. ಅಮ್ಮ ಹೇಗಿದ್ದಾರೆ ಎಂದು ಕೇಳಿದನಂತೆ. ಆರಾಮ ಅದಾರ ಎಂದು ಮಗ ಹೇಳಿದ. ಬೇರೆ ಏನು ಹೇಳಬೇಕು?

ನವೆಂಬರ್ ೨೯

ಕಟಾವು ಆಯಿತು. ಭತ್ತ ತಾಡಪತ್ರಿಯ ಮೇಲೆ ಇದೆ. ಮುಂಜಾನೆ ವಾಕರ್ ಹಿಡಿದು ಹಿತ್ತಿಲ ಬಾಗಿಲಿಗೆ ಹೋದಾಗ ಸುಮಂಗಲಾ ಭತ್ತ ಕಾಲಾಡಿಸಲು ಬಂದವಳು ಬಗ್ಗಿ ಒಂದು ಮುಷ್ಟಿ ಎತ್ತಿದ್ದು ಕಂಡೆ. ಸುತ್ತ ನೋಡಿದಳು. ಕಳ್ಳಿಯ ಹಾಗೆ ಸೆರಗಿನ ಮರೆಯಲ್ಲಿ ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿಕೊಂಡು ಎರಡು ಸಣ್ಣ ಉಸಿರು, ಆಮೇಲೆ ಒಂದು ಉದ್ದ ಉಸಿರು.

ಸರಿಯಾಗಿ ಹಾಗೆಯೇ ಮೂಸಬೇಕು. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಏಪ್ರಿಲಿನಲ್ಲೂ ಮುಂಚೆ ಹೀಗೆ ನೋಡಿದ್ದಳೋ ಏನೋ.

ಕೂಗಲು ಬಾಯಿ ತೆರೆದೆ. ಕೂಗದೆ ಒಳಗೆ ಬಂದೆ.

ಡಿಸೆಂಬರ್ ೬

ವರ್ಷ ತುಂಬಿತು. ಬೆಳಿಗ್ಗೆ ಒಣಮೀನಿನ ಡಬ್ಬಿ ತೆಗೆದು ಕೊನೆಯ ಸಲ ನೋಡಿದೆ. ಇಲ್ಲ.

ಕಣಕ್ಕೆ ಕುರ್ಚಿಯಲ್ಲಿ ಹೋದೆ. ಬಂಡೆಗುಡ್ಡ ಅಲ್ಲೇ ಇದೆ. ವಿರುಪಣ್ಣ ಹೆಗಲಿಗೆ ಮಿಷನ್ ಚೀಲ ಹಾಕಿಕೊಂಡು ದೂರ ನಿಂತಿದ್ದ. ತಾಜಬೀ, ಕೂಲಿಯವರು, ಗೋವಿಂದರಾಜ ಎಲ್ಲರೂ ಇದ್ದರು. ಕೈ ತೂರಿಸಿ ಮುಷ್ಟಿ ತೆಗೆದು ಮೂಗಿಗೆ ಹಿಡಿದೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿಯೇ ಇತ್ತು. ಅಂದುಬಿಟ್ಟಿದ್ದರೆ ಅವರು ಹೊಲಿದುಬಿಡುತ್ತಿದ್ದರು. ಈ ಸಲವೂ ಯಾರೂ ಬೇಡ ಎನ್ನುತ್ತಿರಲಿಲ್ಲ.

"ನನಗ ವಾಸನಿ ಬರೂದಿಲ್ಲ," ಎಂದೆ. "ಹೋದ ವರ್ಷ ಬಿದ್ದಾಗಿಂದ ಬಂದಿಲ್ಲ."

ಯಾರಾದರೂ ಅಯ್ಯೋ ಎನ್ನುತ್ತಾರೆ ಎಂದುಕೊಂಡಿದ್ದೆ. ಯಾರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಕೂಲಿಯವರು ಕಾಲಿನ ಹೆಬ್ಬೆರಳು ನೋಡಿಕೊಂಡರು. ಇಷ್ಟು ದಿನ ನಾನು ಮುಚ್ಚಿಟ್ಟದ್ದು ನನ್ನೊಬ್ಬಳಿಂದಲೇ.

ಸುಮಂಗಲಾಳನ್ನು ಕರೆದು ಮುಷ್ಟಿಯನ್ನು ಅವಳ ಮುಂದೆ ಚಾಚಿದೆ. ಅವಳು ಹಿಂದೆ ಸರಿದಳು.

"ನೀವು ಮೂಸಿದ ಮ್ಯಾಲೆ ನಾ ಹೆಂಗ ಮೂಸ್ಲಿ ಅತ್ತಿ."

"ನಾ ಮೂಸಿಲ್ಲ. ಮೂಗಿಗೆ ಹಿಡದೀನಿ, ಅಷ್ಟ."

ತಗೊಂಡಳು. ಎರಡು ಸಣ್ಣ ಉಸಿರು, ಒಂದು ಉದ್ದ ಉಸಿರು. "ಹೊಟ್ಟ್ಯಾಗ ಹಸಿ ಐತ್ರಿ. ಇನ್ನೂ ಎರಡು ಬಿಸಲು ಬೇಕು."

ರಾಶಿ ಹರವಿರಿ ಎಂದೆ. ವಿರುಪಣ್ಣ ಮಿಷನ್ ಹೊರಗೆ ತೆಗೆಯಲೇ ಇಲ್ಲ. ಖಾಲಿ ಲಾರಿ ಹೊಡೆದುಕೊಂಡು ಹೋದ.

ಡಿಸೆಂಬರ್ ೮

ಇಂದು ಅವಳೇ "ಹೊಲೀರಿ" ಎಂದಳು. ಎಷ್ಟು ಮೆಲ್ಲಗೆ ಎಂದರೆ ತಾಜಬೀ "ಗಟ್ಟ್ಯಾಗಿ ಅನ್ರಿ ಸಾಹುಕಾರ್ತಿ, ಚೀಲಕ್ಕ ಕೇಳಬೇಕು" ಎಂದು ಚೇಷ್ಟೆ ಮಾಡಿದಳು. ದಬ್ಬಣ ಕೊಟ್ಟೆ. ಮೊದಲ ಹೊಲಿಗೆ ಸೊಟ್ಟಗೆ ಹಾಕಿದಳು. ಬಿಚ್ಚಿ ಮತ್ತೆ ಹಾಕು ಎಂದೆ. ಹಾಕಿದಳು. ದಬ್ಬಣ ನನಗೆ ವಾಪಸು ಕೊಡಲು ಬಂದಳು. ನನ್ನ ಸಂಚಿಯ ಬಾಯಿ ಕಟ್ಟಿದ್ದೆ.

ಮನೆಗೆ ಬಂದ ಮೇಲೆ ಅವಳನ್ನು ನನ್ನ ಕೋಣೆಗೆ ಕರೆದು ಬಾಗಿಲು ಹಾಕಿಸಿದೆ. ನನ್ನ ಮೈ ನಾರುತ್ತದೆಯೇ ಎಂದು ಕೇಳಿದೆ. ಅವಳು ಗೋಡೆ ನೋಡಿದಳು. ಹೌದ್ರಿ ಎನ್ನಲಿಲ್ಲ, ಇಲ್ರಿ ಎನ್ನಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡಳು. ಅದು ನನಗೆ ಬೇಕಾಗಿರಲಿಲ್ಲ.

"ರಾಶಿ ಮುಂದ ಸುಳ್ಳ ಹೇಳಲಿಲ್ಲ ನೀ. ನನ್ನ ಮುಂದ ಯಾಕ ಹೇಳ್ತಿ? ನಾಳಿಂದ ದಿನಾ ಮುಂಜಾನಿ ನೋಡಬೇಕು. ಇದ್ರ ಐತಿ ಅನಬೇಕು. ಇಲ್ಲಂದ್ರ ಇಲ್ಲ ಅನಬೇಕು. ಮತ್ತೊಂದು ಮಾತ ಬ್ಯಾಡ."

ಡಿಸೆಂಬರ್ ೯

ಅಂಜಲಿ ಸಾಲೆಗೆ ಹೋದ ಮೇಲೆ ಸುಮಂಗಲಾ ಬಂದಳು. ನಾನು ಹಾಸಿಗೆಯ ಅಂಚಿನಲ್ಲಿ ನೆಟ್ಟಗೆ ಕೂತಿದ್ದೆ. ಕುತ್ತಿಗೆಯ ಹತ್ತಿರ ಬಗ್ಗಿದಳು, ಆಮೇಲೆ ಸೀರೆಯ ನೆರಿಗೆಯ ಹತ್ತಿರ. ಎರಡು ಸಣ್ಣ ಉಸಿರು, ಒಂದು ಉದ್ದ ಉಸಿರು.

"ಐತ್ರಿ," ಎಂದಳು.

ನೀರು ಕಾಯಿಸಿದಳು. ಸ್ನಾನ ಆಯಿತು.